ಕೋಣೆಯೇ ವಾದ್ಯವಾದ ಐದು ಹಾಡು

ಈ ವಾರದ ಪಟ್ಟಿಯಲ್ಲಿ ಹೊಸ ಬಿಡುಗಡೆ ಒಂದೂ ಇಲ್ಲ. ಐದೂ ಹಳೆಯ ರಾಕ್, ಪಾಪ್ ಹಾಡುಗಳು. ಇವನ್ನು ಒಟ್ಟಿಗೆ ಪೋಣಿಸಿದ್ದಕ್ಕೆ ಕಾರಣವೊಂದಿದೆ: ಗಿಟಾರು, ಡ್ರಮ್, ದನಿಗಳಷ್ಟೇ ಸ್ಪಷ್ಟವಾಗಿ ಇವುಗಳಲ್ಲಿ ಕೇಳಿಸುವುದು ಅವು ಮೊಳಗಿದ ಜಾಗ. ಮೆಟ್ಟಿಲ ಬುಡದ ಹಜಾರ, ದೊಡ್ಡ ಸಭಾಂಗಣ, ಕತ್ತರಿ ಹಾಕಿದ ಪ್ರತಿಧ್ವನಿ, ಟೇಪಿನಲ್ಲೇ ಕಟ್ಟಿದ ಮಂದಿರ, ಕೊನೆಗೆ ನೆಲವನ್ನೇ ತೆಗೆದುಹಾಕಿದ ಒಂದು ಹಾಡು. ಇದೇ ಕ್ರಮದಲ್ಲಿ ಕೇಳಿ.

ಕೇಳುವ ಮುನ್ನ ಸ್ವಲ್ಪ ಸಿದ್ಧತೆ ಬೇಕು. ಫೋನಿನ ಪುಟ್ಟ ಸ್ಪೀಕರು ಸುಮಾರು 200 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಹೆಚ್ಚುಕಡಿಮೆ ನುಂಗಿಬಿಡುತ್ತದೆ, ಹಾಗಾಗಿ ಹೆಡ್‌ಫೋನ್ ಇಲ್ಲದೆ ಈ ಪಟ್ಟಿಗೆ ಕೈ ಹಾಕಬೇಡಿ. ಆ್ಯಪ್‌ನಲ್ಲಿ ಈಕ್ವಲೈಜರ್ (ದಪ್ಪ, ತೆಳು ಸದ್ದುಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಸೌಲಭ್ಯ), ಸ್ಪೇಷಿಯಲ್ ಆಡಿಯೊ, ಕ್ರಾಸ್‌ಫೇಡ್ ಮೂರನ್ನೂ ಆಫ್ ಮಾಡಿ. ಸ್ಪೇಷಿಯಲ್ ಆಡಿಯೊ ತನ್ನದೊಂದು ಕೃತಕ ಕೋಣೆಯನ್ನು ಹಾಡಿಗೆ ಅಂಟಿಸುತ್ತದೆ. ಕ್ರಾಸ್‌ಫೇಡ್ ಮುಗಿಯುತ್ತಿರುವ ಹಾಡಿನ ಬಾಲದ ಮೇಲೆ ಮುಂದಿನ ಹಾಡನ್ನು ತಂದು ಕೂರಿಸುತ್ತದೆ. ಹಾಡುಗಳ ಸದ್ದಿನ ಮಟ್ಟವನ್ನು ಸಮ ಮಾಡುವ ವಾಲ್ಯೂಮ್ ನಾರ್ಮಲೈಸೇಶನ್ ಮಾತ್ರ ಆನ್ ಇರಲಿ. ಬೇರೆ ಬೇರೆ ಕಾಲದ ಮಾಸ್ಟರ್‌ಗಳು (ಬಿಡುಗಡೆಗೆ ಸಿದ್ಧಪಡಿಸಿದ ಅಂತಿಮ ಧ್ವನಿಪ್ರತಿಗಳು) ಒಂದೊಂದು ಮಟ್ಟದಲ್ಲಿರುತ್ತವೆ, ಜೋರಾಗಿದ್ದದ್ದೇ ಚೆನ್ನಾಗಿದೆ ಅಂತ ಕಿವಿ ಮೋಸಹೋಗುತ್ತದೆ.

ಮೊದಲಿಗೆ ಲೆಡ್ ಝೆಪೆಲಿನ್‌ನ ‘ವೆನ್ ದ ಲೆವೀ ಬ್ರೇಕ್ಸ್’, 1971. ಮೂಲ ಹಾಡು 1929ರದು, ಕಾನ್ಸಸ್ ಜೋ ಮೆಕಾಯ್ ಮತ್ತು ಮೆಂಫಿಸ್ ಮಿನ್ನಿ ಅವರ ಬ್ಲೂಸ್. ಅದರ ಹಿಂದಿರುವುದು 1927ರ ಮಿಸಿಸಿಪಿ ಪ್ರವಾಹ. ಝೆಪೆಲಿನ್ ಕೈಯಲ್ಲಿ ಆ ಪ್ರವಾಹ ಡ್ರಮ್ಮಿಗೆ ಇಳಿದಿದೆ. ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡದಲ್ಲಿ ಜಾನ್ ಬಾನಮ್ ಅವರ ಡ್ರಮ್ ಸೆಟ್ಟನ್ನು ಮೆಟ್ಟಿಲ ಬುಡದ ಹಜಾರದಲ್ಲಿ ಇಟ್ಟರು. ಎಂಜಿನಿಯರ್ ಆಂಡಿ ಜಾನ್ಸ್ ಎರಡು ಬೇಯರ್‌ಡೈನಾಮಿಕ್ ಎಂ160 ಮೈಕುಗಳನ್ನು ಮೇಲಿನಿಂದ ತೂಗಿಬಿಟ್ಟು, ಸದ್ದನ್ನು ಬಿನ್ಸನ್ ಎಕೊರೆಕ್ ಎಂಬ ಎಕೊ ಯಂತ್ರದ ಮೂಲಕ ಹಾಯಿಸಿ, ಗಟ್ಟಿಯಾಗಿ ಕಂಪ್ರೆಸ್ ಮಾಡಿದರು, ಅಂದರೆ ಜೋರು ಸದ್ದನ್ನು ತಗ್ಗಿಸಿ ಮೆಲು ಸದ್ದನ್ನು ಎತ್ತಿ ಅವುಗಳ ಅಂತರ ಕುಗ್ಗಿಸಿದರು. ಡ್ರಮ್ಮಿನ ಹತ್ತಿರ ಮೈಕು ಇಟ್ಟರೆ ಚರ್ಮದ ಸದ್ದು ಸಿಗುತ್ತದೆ, ದೂರ ಇಟ್ಟರೆ ಗೋಡೆಯ ಸದ್ದು. ಇಲ್ಲಿ ಸಿಕ್ಕಿದ್ದು ಗೋಡೆಯ ಸದ್ದು. ಮೊದಲ ಕೆಲವು ಸೆಕೆಂಡು ಡ್ರಮ್ ಒಂದೇ ಇರುತ್ತದೆ, ಆಗ ಬೇಸ್ ಡ್ರಮ್ಮಿನ ಪ್ರತಿ ಒದೆತದ ಬೆನ್ನಿಗೆ ಬರುವ ಮರುಪೆಟ್ಟನ್ನು ಗಮನಿಸಿ. ಅದು ಎಕೊರೆಕ್‌ನದು. ವೇಗವಾಗಿ ನುಡಿಸಿದ ಟೇಪನ್ನು ನಿಧಾನಿಸಿ ಓಡಿಸಿದ್ದರಿಂದ ಹಾರ್ಮೋನಿಕಾ ಕೂಡ ಕೆಸರಿನಲ್ಲಿ ಕಾಲೆಳೆದಂತೆ ನಡೆಯುತ್ತದೆ. ಏಳು ನಿಮಿಷ ಒಂದೇ ಪಟ್ಟು ಹಿಡಿದ ಹಾಡು ಇದು. ನೀರಿನ ಮಟ್ಟ ಏರುವುದನ್ನು ಕೇಳಿಸಲು ಅಷ್ಟು ಹೊತ್ತು ಬೇಕು.

ಕೇಳುವ ಕ್ರಮದಲ್ಲಿ ಎರಡನೆಯದಾದರೂ ಮೆಚ್ಚುಗೆಯಲ್ಲಿ ಈ ವಾರದ ಮೊದಲ ಸ್ಥಾನ ಡೇವಿಡ್ ಬೋವಿಯ ‘ಹೀರೋಸ್’ ಹಾಡಿಗೆ. ವರ್ಷ 1977, ಜಾಗ ಪಶ್ಚಿಮ ಬರ್ಲಿನ್‌ನ ಗೋಡೆಯ ಹತ್ತಿರದ ಹಾನ್ಸಾ ಸ್ಟುಡಿಯೊ, ಹಾಡಿದ್ದು ಅದರ ದೊಡ್ಡ ಸಭಾಂಗಣದಲ್ಲಿ. ನಿರ್ಮಾಪಕ ಟೋನಿ ವಿಸ್ಕಾಂಟಿ ಬೋವಿಯ ಮುಂದೆ ಮೂರು ಮೈಕು ನಿಲ್ಲಿಸಿದರು: ಒಂದು 9 ಇಂಚು ದೂರದಲ್ಲಿ, ಇನ್ನೊಂದು 20 ಅಡಿ, ಮತ್ತೊಂದು 50 ಅಡಿ. ಮೊದಲನೆಯದು ಸದಾ ತೆರೆದಿರುತ್ತದೆ. ದೂರದ ಎರಡಕ್ಕೂ ನಾಯ್ಸ್ ಗೇಟ್ ಹಾಕಿದ್ದರು. ಗೇಟ್ ಅಂದರೆ ಬಾಗಿಲೇ ಸರಿ: ಸದ್ದು ಇಂತಿಷ್ಟು ಜೋರಾದಾಗ ಮಾತ್ರ ತೆರೆದುಕೊಳ್ಳುತ್ತದೆ, ಇಳಿದರೆ ಮುಚ್ಚಿಕೊಳ್ಳುತ್ತದೆ. ಆರಂಭದಲ್ಲಿ ಬೋವಿ ಮೆಲುವಾಗಿ ಹಾಡುವಾಗ ಹತ್ತಿರದ ಮೈಕಷ್ಟೇ ಕೇಳುತ್ತದೆ, ದನಿ ಪಕ್ಕದಲ್ಲೇ ಕೂತು ಮಾತಾಡಿದ ಹಾಗಿರುತ್ತದೆ. ದನಿ ಏರಿದಂತೆ ಎರಡನೆಯ ಬಾಗಿಲು, ಕೂಗಿದಾಗ ಮೂರನೆಯದು. ಆ ಕೂಗಿನ ಸುತ್ತ ಸಭಾಂಗಣವಿಡೀ ಹೊತ್ತಿಕೊಳ್ಳುತ್ತದೆ. ಪ್ರತಿಧ್ವನಿಯನ್ನು ಆಮೇಲೆ ಗುಂಡಿ ತಿರುಗಿಸಿ ಸೇರಿಸಿದ್ದರೆ ಅದು ಹಾಡಿನುದ್ದಕ್ಕೂ ಒಂದೇ ಸಮ ಇರುತ್ತಿತ್ತು. ಇಲ್ಲಿ ಕೋಣೆಯ ಅಳತೆ ಗಾಯಕನ ಶ್ವಾಸಕೋಶದ ಕೈಯಲ್ಲಿದೆ. ಹಾಡಿನ ಭಾವವೂ ತಂತ್ರವೂ ಇಷ್ಟು ಒಂದಾಗಿ ಬೆಸೆದದ್ದು ಪಾಪ್ ಸಂಗೀತದಲ್ಲಿ ಅಪರೂಪ.

ಹಿನ್ನೆಲೆಯಲ್ಲಿ ಉದ್ದಕ್ಕೂ ತೇಲುವ ಗಿಟಾರು ರಾಬರ್ಟ್ ಫ್ರಿಪ್ ಅವರದು, ಅದಕ್ಕೂ ಜಾಗವೇ ಆಧಾರ. ಗಿಟಾರಿನ ಸದ್ದು ಸ್ಪೀಕರಿನಿಂದ ಹೊರಟು ಮತ್ತೆ ತಂತಿಯನ್ನೇ ಕದಡಿದರೆ ಫೀಡ್‌ಬ್ಯಾಕ್ ಹುಟ್ಟುತ್ತದೆ. ಯಾವ ಸ್ವರ ಎಷ್ಟು ದೂರದಲ್ಲಿ ನಿಂತರೆ ಹಾಗೆ ಹಾಡುತ್ತದೆ ಎಂದು ಫ್ರಿಪ್ ನೆಲದ ಮೇಲೆ ಗುರುತು ಮಾಡಿಕೊಂಡು, ಗುರುತಿನಿಂದ ಗುರುತಿಗೆ ನಡೆದು ನುಡಿಸಿದರು. ಆವೃತ್ತಿ ಆರಿಸುವಾಗ ಎಚ್ಚರ: ಬಿಡಿ ಹಾಡಾಗಿ ಹೊರಬಂದ ಸಿಂಗಲ್‌ಗಾಗಿ ಮೂರೂವರೆ ನಿಮಿಷಕ್ಕೆ ಕತ್ತರಿಸಿದ್ದರಲ್ಲಿ ದನಿ ಏರುವ ದಾರಿಯೇ ಮೊಟಕಾಗಿದೆ. ಆರು ನಿಮಿಷ ಮೀರುವ ಆಲ್ಬಮ್ ಆವೃತ್ತಿಯನ್ನೇ ಹುಡುಕಿ.

ಬಾಗಿಲು ತೆರೆಯುವ ಸದ್ದು ‘ಹೀರೋಸ್’ನಲ್ಲಿ ಸಿಕ್ಕಿತು. ಮುಚ್ಚುವ ಸದ್ದು ಬೇಕಿದ್ದರೆ ಫಿಲ್ ಕಾಲಿನ್ಸ್ ಅವರ ‘ಇನ್ ದಿ ಏರ್ ಟುನೈಟ್’, 1981. ಮೂರೂವರೆ ನಿಮಿಷಕ್ಕೂ ಮೀರಿ ರೋಲ್ಯಾಂಡ್ ಸಿಆರ್-78 ಡ್ರಮ್ ಯಂತ್ರದ ಟಿಕ್ ಟಿಕ್ ಮೇಲೆಯೇ ಹಾಡು ಸಾಗುತ್ತದೆ, ಆಮೇಲೆ ಆ ಡ್ರಮ್ ಬಂದು ಬೀಳುತ್ತದೆ. ಈ ಸದ್ದು ಮೊದಲು ಹುಟ್ಟಿದ್ದು ಗಾಯಕ ಪೀಟರ್ ಗೇಬ್ರಿಯಲ್ ಅವರ 1980ರ ಆಲ್ಬಮ್‌ಗಾಗಿ ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೊದಲ್ಲಿ. ವಾದಕರ ಮಾತು ಕಂಟ್ರೋಲ್ ರೂಮಿಗೆ ಕೇಳಿಸಲೆಂದು ತೂಗಿಬಿಟ್ಟ ಮೈಕಿನಲ್ಲಿ ಭಾರೀ ಕಂಪ್ರೆಸರ್ ಇತ್ತು. ಅದು ತೆರೆದಿದ್ದಾಗ ಕಾಲಿನ್ಸ್ ಡ್ರಮ್ ನುಡಿಸಿದರು. ಎಂಜಿನಿಯರ್ ಹ್ಯೂ ಪ್ಯಾಡ್ಗಮ್ ಆ ದೈತ್ಯ ಸದ್ದಿಗೆ ಗೇಟ್ ಸೇರಿಸಿದರು, ಹಾಗಾಗಿ ಪೆಟ್ಟಿನ ಪ್ರತಿಧ್ವನಿ ತಾನಾಗಿ ಇಳಿಯುವ ಮೊದಲೇ ಕತ್ತರಿಸಿದಂತೆ ನಿಲ್ಲುತ್ತದೆ. ಆ ಆಲ್ಬಮ್‌ನಲ್ಲಿ ಸಿಂಬಲ್ (ಡ್ರಮ್ ಸೆಟ್ಟಿನ ಲೋಹದ ತಟ್ಟೆ) ಬೇಡ ಎಂದು ಗೇಬ್ರಿಯಲ್ ಹೇಳಿದ್ದೂ ಇಲ್ಲಿ ಕೂಡಿಬಂತು. ಸಿಂಬಲ್‌ನ ಉದ್ದನೆಯ ಗುಂಯ್‌ಗುಡುವಿಕೆ ಇದ್ದರೆ ಗೇಟ್ ಅಷ್ಟು ಚೊಕ್ಕವಾಗಿ ಮುಚ್ಚಲಾರದು.

ಮನೆಯಲ್ಲಿ ಇದನ್ನು ಮಾಡಿನೋಡುವುದು ಕಷ್ಟವಲ್ಲ. ಯಾವುದೇ ಆಡಿಯೊ ಸಾಫ್ಟ್‌ವೇರ್‌ನಲ್ಲಿ ಸ್ನೇರ್ (ಚುರುಕು ಸದ್ದಿನ ಸಣ್ಣ ಡ್ರಮ್) ಟ್ರ್ಯಾಕಿಗೆ ಎರಡು ಸೆಕೆಂಡಿನ ರಿವರ್ಬ್ (ಕೃತಕ ಪ್ರತಿಧ್ವನಿ), ಅದರ ನಂತರ ಕಂಪ್ರೆಸರ್, ಕೊನೆಗೆ ಗೇಟ್. ಹೋಲ್ಡ್ (ಬಾಗಿಲು ತೆರೆದೇ ಇರುವ ಹೊತ್ತು) 200 ಮಿಲಿಸೆಕೆಂಡ್ ಸುತ್ತಮುತ್ತ, ರಿಲೀಸ್ (ಮುಚ್ಚಿಕೊಳ್ಳಲು ಹಿಡಿಯುವ ಹೊತ್ತು) 20ರ ಆಸುಪಾಸು. ಎಲ್ಲರೂ ಎಡವುವುದು ಬಾಗಿಲು ತೆರೆಯುವ ಮಟ್ಟದಲ್ಲಿ, ಅಂದರೆ ಥ್ರೆಶೋಲ್ಡ್‌ನಲ್ಲಿ: ಕಂಪ್ರೆಸರ್ ರಿವರ್ಬಿನ ಬಾಲವನ್ನು ಎತ್ತಿ ಹಿಡಿದಿರುವುದರಿಂದ ಗೇಟ್ ಮುಚ್ಚುವುದೇ ಇಲ್ಲ, ಥ್ರೆಶೋಲ್ಡ್ ಏರಿಸಿದರೆ ಮೆಲು ಪೆಟ್ಟುಗಳಿಗೆ ಬಾಗಿಲು ತೆರೆಯುವುದಿಲ್ಲ. ಪರಿಹಾರ ಸೈಡ್‌ಚೈನ್, ಅಂದರೆ ಒಂದು ಸದ್ದಿನ ಗೇಟನ್ನು ಇನ್ನೊಂದು ಸದ್ದಿನಿಂದ ತೆರೆಸುವುದು. ರಿವರ್ಬ್ ಸೇರದ ಮೂಲ ಸ್ನೇರನ್ನೇ ಗೇಟಿನ ಕೀಲಿಯಾಗಿ ಕೊಡಿ. ನಿಮಿಷಕ್ಕೆ 100 ತಾಳದ ಹಾಡಿನಲ್ಲಿ ಅರ್ಧ ತಾಳ ಅಂದರೆ 300 ಮಿಲಿಸೆಕೆಂಡ್. ಹೋಲ್ಡ್ ಅದನ್ನು ಮೀರಿದರೆ ಪೆಟ್ಟುಗಳ ನಡುವಿನ ಮೌನ ಸತ್ತುಹೋಗುತ್ತದೆ. ಕಾಲಿನ್ಸ್ ಹಾಡನ್ನು ಕೇಳುವಾಗಲೂ ಆಲ್ಬಮ್ ಆವೃತ್ತಿಯೇ ಬೇಕು. ಸಿಂಗಲ್‌ನ ಆರಂಭದ ಭಾಗಕ್ಕೆ ಹೆಚ್ಚುವರಿ ಡ್ರಮ್ ಸೇರಿಸಿದ್ದರಿಂದ ಕಾದು ಕೂತ ಸುಖ ಹಾಳಾಗಿದೆ.

ನಾಲ್ಕನೆಯದು 10ಸಿಸಿ ತಂಡದ ‘ಐ ಆ್ಯಮ್ ನಾಟ್ ಇನ್ ಲವ್’, 1975. ಇದರಲ್ಲಿ ಕೇಳಿಸುವ ವಿಶಾಲ ಮಂದಿರ ಎಲ್ಲೂ ಇರಲಿಲ್ಲ. ಸ್ಟಾಕ್‌ಪೋರ್ಟ್‌ನ ಸ್ಟ್ರಾಬೆರಿ ಸ್ಟುಡಿಯೊದಲ್ಲಿ ತಂಡದ ಮೂವರು ಒಂದು ಸ್ವರವನ್ನು ‘ಆ’ ಎಂದು 16 ಸಲ ಹಾಡಿದರು, ಅಲ್ಲಿಗೆ ಸ್ವರಕ್ಕೆ 48 ದನಿ. ಹೀಗೆ 13 ಸ್ವರ, ಒಟ್ಟು 624 ದನಿ. ಪ್ರತಿ ಸ್ವರವನ್ನೂ ಸುಮಾರು 12 ಅಡಿಯ ಟೇಪ್ ಕುಣಿಕೆ ಮಾಡಿ ಸುತ್ತಿಸಿ, 16 ಟ್ರ್ಯಾಕಿನ ಯಂತ್ರದಲ್ಲಿ 13 ಟ್ರ್ಯಾಕಿಗೆ ತುಂಬಿಸಿದರು. ಆಮೇಲೆ ಮಿಕ್ಸಿಂಗ್ ಡೆಸ್ಕಿನ ಫೇಡರುಗಳನ್ನು (ಸದ್ದು ಏರಿಳಿಸುವ ಜಾರುಗುಂಡಿಗಳನ್ನು) ಹಾರ್ಮೋನಿಯಂ ಮನೆಗಳಂತೆ ಏರಿಳಿಸಿ ಸ್ವರಮೇಳ ನುಡಿಸಿದರು. ಫೇಡರು ಪೂರ್ತಿ ಕೆಳಗಿಳಿಯದಂತೆ ಅಡ್ಡಲಾಗಿ ಟೇಪ್ ಅಂಟಿಸಿದ್ದರು. ಹಾಗಾಗಿ ಹಾಡಿನುದ್ದಕ್ಕೂ 13 ಸ್ವರವೂ ಮಂಜಿನಂತೆ ತಳದಲ್ಲಿ ಉಳಿದಿವೆ. ನಡುವೆ ಒಂದು ಪಿಸುಮಾತು ಬರುತ್ತದೆ, 624 ದನಿಗಳ ನಡುವಿನಿಂದ ಒಂದೇ ಒಂದು ಬಾಯಿ ಕಿವಿಯ ಬಳಿಗೆ ಬಂದಂತೆ. ಕಡಿಮೆ ಬಿಟ್‌ರೇಟ್‌ನಲ್ಲಿ ಕೇಳಿದರೆ ಈ ಹಾಡಿಗೇ ಹೆಚ್ಚು ಪೆಟ್ಟು: ಸದ್ದನ್ನು ಕುಗ್ಗಿಸುವಾಗ ಮೊದಲು ಹಾಳಾಗುವುದು ಇಂಥ ಮೆಲುವಾದ, ದಟ್ಟವಾದ ಪದರವೇ. ಆ್ಯಪ್‌ನ ಗುಣಮಟ್ಟದ ಸೆಟ್ಟಿಂಗನ್ನು ಅತಿ ಹೆಚ್ಚಿಗೆ ಇಟ್ಟುಕೊಳ್ಳಿ.

ಕೊನೆಗೆ ಪ್ರಿನ್ಸ್, ‘ವೆನ್ ಡವ್ಸ್ ಕ್ರೈ’, 1984. ವಾದ್ಯವೆಲ್ಲ ಅವರೇ ನುಡಿಸಿದ್ದು, ತಾಳಕ್ಕೆ ಲಿನ್ ಎಲ್‌ಎಂ-1 ಯಂತ್ರ. ಬೇಸ್ ಗಿಟಾರನ್ನು ಮಿಕ್ಸಿನಿಂದ ತೆಗೆದುಹಾಕಿದರು. ನೃತ್ಯಕ್ಕೆ ಕರೆಯುವ ಪಾಪ್ ಹಾಡಿನಲ್ಲಿ ಬೇಸ್ ಇಲ್ಲದಿರುವುದು ಮನೆಗೆ ನೆಲವಿಲ್ಲದ ಹಾಗೆ, ಆದರೂ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ಏನೋ ಕಡಿಮೆ ಅನ್ನಿಸಿ ಈಕ್ವಲೈಜರ್‌ನಲ್ಲಿ ಬೇಸ್ ಏರಿಸಬೇಡಿ, ಬೇಸ್ ಡ್ರಮ್ ಉಬ್ಬುತ್ತದೆಯೇ ಹೊರತು ಇಲ್ಲದ ವಾದ್ಯ ಬರುವುದಿಲ್ಲ. ಆ ಖಾಲಿಯಲ್ಲಿ ಪ್ರಿನ್ಸ್ ದನಿಯ ಪದರಗಳು ಒಂದೊಂದೂ ಬಿಡಿಬಿಡಿಯಾಗಿ ಸಿಗುತ್ತವೆ. ಹಾಡು ಮುಗಿದ ಕೂಡಲೇ, ವಾಲ್ಯೂಮ್ ಮುಟ್ಟದೆ, ಮತ್ತೆ ಲೆಡ್ ಝೆಪೆಲಿನ್‌ನ ಮೊದಲ ಹತ್ತು ಸೆಕೆಂಡು ಹಾಕಿ.