ಪ್ರೋಟಾನ್ ಮೇಲ್: ಕೆಲವು ವರ್ಷಗಳ ಬಳಕೆಯ ಬಳಿಕ

ಸೋಮವಾರಪೇಟೆಯ ಬಳಿ ಕಾಫಿ ತೋಟದ ಜೊತೆಗೆ ಹೋಮ್‌ಸ್ಟೇ ನಡೆಸುವ ನಮಗೆ ಇಮೇಲ್‌ನಲ್ಲಿ ಬರುವುದು ಹೆಚ್ಚಾಗಿ ಬೇರೆಯವರ ದಾಖಲೆಗಳು: ಅತಿಥಿಗಳ ಆಧಾರ್ ಪ್ರತಿ, ವಿದೇಶಿಯರು ಬಂದ 24 ಗಂಟೆಯೊಳಗೆ ಸರ್ಕಾರಕ್ಕೆ ಸಲ್ಲಿಸಬೇಕಾದ ಮಾಹಿತಿಗೆ ಬೇಕಾಗುವ ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳು. ಇವುಗಳನ್ನು ಕಾಪಾಡುವ ಹೊಣೆ ನಮ್ಮದು ಎಂಬ ಕಾರಣಕ್ಕೇ ನಾನೂ ನನ್ನ ಹೆಂಡತಿಯೂ ಬೆಂಗಳೂರಿನಲ್ಲಿರುವ ತಮ್ಮನೂ ಪತ್ರಗಳನ್ನು ಗುಪ್ತವಾಗಿಡುವ ಇಮೇಲ್ ಸೇವೆಯಾದ ಪ್ರೋಟಾನ್ ಮೇಲ್‌ಗೆ ಬಂದೆವು.

ಇಮೇಲನ್ನು ಎನ್‌ಕ್ರಿಪ್ಟ್ ಮಾಡುವ, ಅಂದರೆ ಕೀಲಿಯಿಲ್ಲದವರು ಓದಲಾಗದಂತೆ ಗುಪ್ತಲಿಪಿಗೆ ತಿರುಗಿಸುವ ವಿದ್ಯೆ ಹೊಸದಲ್ಲ. ಫಿಲ್ ಜಿಮ್ಮರ್‌ಮನ್ ಅದಕ್ಕಾಗಿ ಪಿಜಿಪಿ ಎಂಬ ತಂತ್ರಾಂಶವನ್ನು ಹೊರತಂದದ್ದು 1991ರಲ್ಲಿ. ಆದರೆ ಜೋಡಿ ಕೀಲಿಗಳನ್ನು ಸೃಷ್ಟಿಸಿಕೊಂಡು, ಪತ್ರಕ್ಕೆ ಬೀಗ ಹಾಕುವ ಸಾರ್ವಜನಿಕ ಕೀಲಿಯನ್ನು ಎದುರಿನವರಿಗೆ ತಲುಪಿಸಿ, ಅವರದನ್ನು ಪಡೆದು, ಅದು ನಿಜಕ್ಕೂ ಅವರದೇ ಎಂದು ತಾಳೆ ನೋಡಿ, ಬೀಗ ತೆಗೆಯುವ ಖಾಸಗಿ ಕೀಲಿಯನ್ನು ಕಳೆಯದಂತೆ ಇಟ್ಟುಕೊಳ್ಳುವ ಕೆಲಸವೆಲ್ಲ ಬಳಕೆದಾರನ ತಲೆಯ ಮೇಲೆಯೇ ಇದ್ದುದರಿಂದ ಅದು ಜನಸಾಮಾನ್ಯರವರೆಗೆ ಬರಲೇ ಇಲ್ಲ. ಜಿನೀವಾ ಬಳಿಯ ಭೌತವಿಜ್ಞಾನ ಸಂಸ್ಥೆ ಸರ್ನ್‌ನಲ್ಲಿ ಪರಿಚಯವಾದ ವಿಜ್ಞಾನಿಗಳು 2014ರಲ್ಲಿ ಹೊರತಂದ ಪ್ರೋಟಾನ್ ಸೇವೆಯ ಒಳಗಿರುವುದೂ ಅದೇ ವಿಧಾನ. ಖಾತೆ ತೆರೆಯುವಾಗ ಕೀಲಿಗಳು ನಮ್ಮ ಸಾಧನದಲ್ಲೇ ತಯಾರಾಗುತ್ತವೆ, ಖಾಸಗಿ ಕೀಲಿಯು ಪಾಸ್‌ವರ್ಡ್‌ನಿಂದ ಎನ್‌ಕ್ರಿಪ್ಟ್ ಆದ ಮೇಲೆಯೇ ಸರ್ವರ್ ಸೇರುತ್ತದೆ, ಪ್ರೋಟಾನ್ ಬಳಕೆದಾರರ ನಡುವಿನ ಪತ್ರ ತಾನಾಗಿಯೇ ಭದ್ರವಾಗುತ್ತದೆ. ಕೀಲಿಯ ಮಾತು ನಮ್ಮ ಮೂವರ ನಡುವೆ ಒಮ್ಮೆಯೂ ಬಂದಿಲ್ಲ, ಮತ್ತು ನನ್ನ ಮಟ್ಟಿಗೆ ಈ ಸೇವೆಯ ದೊಡ್ಡ ಗುಣ ಇದೇ.

ಈ ಸುಲಭ ಪ್ರೋಟಾನ್ ಬಳಕೆದಾರರ ವಲಯದ ಹೊರಗೆ ಮುಂದುವರಿಯುವುದಿಲ್ಲ. ಅತಿಥಿ ಸಾಮಾನ್ಯ ಇಮೇಲ್‌ನಿಂದ ಪಾಸ್‌ಪೋರ್ಟ್ ಕಳುಹಿಸಿದರೆ ಅದು ನಮ್ಮ ಪೆಟ್ಟಿಗೆಯಲ್ಲಿ ಎನ್‌ಕ್ರಿಪ್ಟ್ ಆಗಿ ಉಳಿಯುತ್ತದೆ, ಆದರೆ ಅವರ ಕಡೆಯ ಪ್ರತಿಗೆ ಆ ರಕ್ಷಣೆ ಇಲ್ಲ. ಹಾಗಾಗಿ ನಾವೇ ಮೊದಲು ಪಾಸ್‌ವರ್ಡ್ ಇರುವ ಪತ್ರ ಕಳುಹಿಸಿ, ಪಾಸ್‌ವರ್ಡನ್ನು ಫೋನಿನಲ್ಲಿ ತಿಳಿಸಿ, ಅವರು ಬ್ರೌಸರ್‌ನಲ್ಲಿ ತೆರೆದ ಆ ಪುಟದಿಂದಲೇ ದಾಖಲೆ ಸೇರಿಸಿ ಉತ್ತರಿಸುವಂತೆ ಕೇಳುತ್ತೇವೆ. ಕೆಲವರು ಮಾಡುತ್ತಾರೆ, ಹಲವರು ‘ವಾಟ್ಸ್‌ಆ್ಯಪ್ ಮಾಡಲೇ ಸಾರ್?’ ಎನ್ನುತ್ತಾರೆ, ಅವರನ್ನು ದೂರಲಾರೆ. ಮಡಿಕೇರಿಯ ನಮ್ಮ ಆಡಿಟರ್ ಈ ಬಗೆಯ ಪತ್ರವನ್ನು ಒಪ್ಪಿಕೊಂಡಿದ್ದಾರೆ. ಬೇರೆ ಅವಧಿ ನಿಗದಿ ಮಾಡದಿದ್ದರೆ ಅದು 28 ದಿನಗಳಲ್ಲಿ ಅಳಿಯುವುದರಿಂದ ಲಗತ್ತುಗಳನ್ನು ಅವರು ಕೂಡಲೇ ಇಳಿಸಿಕೊಳ್ಳುತ್ತಾರೆ.

ಪತ್ರದ ವಿಷಯದ ಸಾಲಿಗೆ ಈ ಪೂರ್ಣ ರಕ್ಷಣೆ ಇಲ್ಲವಾದ್ದರಿಂದ ಅಲ್ಲಿ ಅತಿಥಿಯ ಹೆಸರನ್ನಾಗಲಿ, ಪಹಣಿಯ ಸರ್ವೆ ನಂಬರನ್ನಾಗಲಿ ನಾವು ಬರೆಯುವುದಿಲ್ಲ. ಪತ್ರದ ಒಡಲನ್ನು ಸರ್ವರ್ ಓದಲಾರದು. ಒಳಗಿನ ಪದಗಳನ್ನು ಹುಡುಕಬೇಕಾದರೆ ನಮ್ಮದೇ ಕಂಪ್ಯೂಟರಿನಲ್ಲಿ ಪದಗಳ ಸೂಚಿ (ಇಂಡೆಕ್ಸ್) ತಯಾರಾಗಬೇಕು. ಆ ಸೂಚಿಗಾಗಿ ಹಳೆಯ ಪತ್ರಗಳೆಲ್ಲ ಮೊದಲು ಇಳಿಯಬೇಕಾದ್ದರಿಂದ, ಆಷಾಢದ ಮಳೆಗೆ ವಿದ್ಯುತ್ತೂ ನೆಟ್‌ವರ್ಕೂ ಕೈಕೊಡುವ ಮೊದಲೇ ಅದನ್ನು ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಸೇರುವವರು ಮೊದಲ ದಿನವೇ 12 ಪದಗಳ ಮರುಪ್ರಾಪ್ತಿ ವಾಕ್ಯವನ್ನು ಕಾಗದದಲ್ಲಿ ಬರೆದಿಡಬೇಕು. ಪಾಸ್‌ವರ್ಡ್ ಮರೆತು, ಮರುಪ್ರಾಪ್ತಿಯ ದಾರಿಯೂ ಇಲ್ಲದೆ ಹೊಸದನ್ನು ಹಾಕಿಕೊಂಡರೆ ಖಾತೆ ಸಿಕ್ಕರೂ ಹಳೆಯ ಪತ್ರಗಳನ್ನು ಕಂಪನಿಯೂ ತೆರೆದುಕೊಡಲಾರದು. ನಮ್ಮ ವಾಕ್ಯದ ಒಂದು ಪ್ರತಿ ತಮ್ಮನ ಮನೆಯಲ್ಲಿದೆ, ಅವನದು ನಮ್ಮಲ್ಲಿದೆ.