ಶ್ಯೂರ್ ಎಸ್‌ಇ215: ಅರವತ್ತು ದಾಟಿದ ರಾಕ್ ವಾದಕರ ಕಿವಿಗೆ ಇದು ಸಾಕೇ?

ವಯಸ್ಸಾದ ರಾಕ್ ವಾದಕರು ಸ್ಟೇಜ್ ಬಿಡಬೇಕೇ ಎಂಬ ಮಾತು ಬಂದಾಗಲೆಲ್ಲ ಚರ್ಚೆ ಮುಖದ ಸುಕ್ಕು, ನರೆಗೂದಲಿನ ಸುತ್ತಲೇ ಸುತ್ತುತ್ತದೆ. ರೋಲಿಂಗ್ ಸ್ಟೋನ್ಸ್ 2003ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಮಿಕ್ ಜಾಗರ್‌ಗೆ 59 ವರ್ಷ. 2024ರಲ್ಲಿ, 80 ತುಂಬಿದ ಮೇಲೂ, ಅವರು ಉತ್ತರ ಅಮೆರಿಕದ ಸ್ಟೇಡಿಯಂಗಳಲ್ಲಿ ಓಡಾಡುತ್ತಾ ಹಾಡಿದರು. ಸ್ಟೇಜ್ ಬಿಡಿಸುವುದು ವಯಸ್ಸಿನ ಲೆಕ್ಕವಲ್ಲ, ಯಾವುದೋ ಒಂದು ಅಂಗ ಕೈಕೊಡುವುದು. ಏರೋಸ್ಮಿತ್ ತಂಡ 2024ರಲ್ಲಿ ಪ್ರವಾಸ ನಿಲ್ಲಿಸಿದ್ದು ಸ್ಟೀವನ್ ಟೈಲರ್ ಅವರ ಧ್ವನಿತಂತುವಿಗಾದ ಪೆಟ್ಟಿನಿಂದ. ನರದ ತೊಂದರೆಯಿಂದ ಡ್ರಮ್ಸ್ ಬಿಟ್ಟ ಫಿಲ್ ಕಾಲಿನ್ಸ್ 2022ರ ಕೊನೆಯ ಜೆನೆಸಿಸ್ ಕಾರ್ಯಕ್ರಮದಲ್ಲಿ ಕುರ್ಚಿಯಲ್ಲಿ ಕೂತು ಹಾಡಿದರು, ಡ್ರಮ್ಸ್ ಬಾರಿಸಿದ್ದು ಮಗ. ಎಸಿ/ಡಿಸಿಯ ಬ್ರಯಾನ್ ಜಾನ್ಸನ್ 2016ರಲ್ಲಿ ಪ್ರವಾಸದ ನಡುವೆಯೇ ಹಿಂದೆ ಸರಿದದ್ದು ಪೂರ್ತಿ ಕಿವುಡಾಗುವ ಅಪಾಯವಿದೆ ಎಂದು ವೈದ್ಯರು ಎಚ್ಚರಿಸಿದ್ದರಿಂದ.

ಈ ಮೂರರಲ್ಲಿ ಮೊದಲೇ ಕಾಪಾಡಿಕೊಳ್ಳಲು ಹೆಚ್ಚು ಅವಕಾಶ ಇರುವುದು ಕಿವಿಗೆ. ಕೊಡವ ಮದುವೆಯಲ್ಲಿ ವಾಲಗದ ಹಿರಿಯರನ್ನು ಯಾರೂ ನಿವೃತ್ತಿ ಯಾವಾಗ ಎಂದು ಕೇಳುವುದಿಲ್ಲ. ಅದೇ ಮದುವೆಯ ಸಂಜೆ ಗಿಟಾರ್ ಹಿಡಿದು ನಿಲ್ಲುವ ಹಿರಿಯರನ್ನೂ ಕೇಳಬೇಕಾಗಿಲ್ಲ. ಅವರ ಕಿವಿಯಲ್ಲಿ ಏನಿದೆ ಎಂದು ಕೇಳಿದರೆ ಸಾಕು. ಹಾಗಾಗಿಯೇ ಈ ವಿಮರ್ಶೆ.

ಎಸ್‌ಇ215 ಎಂದರೆ ಒಂದೇ ಡೈನಾಮಿಕ್ ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್) ಇರುವ, ತಂತಿಯನ್ನು ಕಿವಿಯ ಮೇಲಿಂದ ಹಾಯಿಸಿ ಹಾಕುವ ಇಯರ್‌ಫೋನ್. ಸ್ಟೇಜಿನ ಸದ್ದನ್ನು ಹೊರಗೇ ತಡೆದು, ವಾದಕರಿಗೆ ಬೇಕಾದ ಹಾಡು, ವಾದ್ಯವನ್ನು ಮಿಕ್ಸರಿನಿಂದ ನೇರ ಕಿವಿಗೆ ಮೆಲ್ಲಗೆ ಕೊಡುವುದು ಇದರ ಕೆಲಸ. ಕೇಬಲ್ ಬಿಚ್ಚಿ ಬದಲಿಸಬಹುದು. ಹೊರಗಿನ ಸದ್ದನ್ನು 37 ಡೆಸಿಬಲ್‌ವರೆಗೆ ತಡೆಯುತ್ತದೆ ಎಂದು ಶ್ಯೂರ್ ಕಂಪನಿ ಹೇಳುತ್ತದೆ. ಅದು ಗರಿಷ್ಠ ಮಿತಿ. ಕಿವಿಯೊಳಗೆ ಕೂರುವ ಮೆತ್ತನೆಯ ಫೋಮ್ ತುದಿ ಅರ್ಧ ಒಳಗೆ ಹೋದರೆ ಅಷ್ಟು ಸಿಗದು, ಕಿಕ್ ಡ್ರಮ್ಮಿನಂಥ ತಗ್ಗಿನ ಸದ್ದು ಹೇಗೂ ಸ್ವಲ್ಪ ನುಸುಳುತ್ತದೆ. 25 ಸಿಕ್ಕರೂ ಲಾಭ ದೊಡ್ಡದು. 85 ಡೆಸಿಬಲ್‌ನಲ್ಲಿ 8 ಗಂಟೆ ಇರಬಹುದು, ಪ್ರತಿ 3 ಡೆಸಿಬಲ್ ಏರಿಕೆಗೆ ಆ ಸಮಯ ಅರ್ಧವಾಗುತ್ತದೆ ಎಂಬುದು ಕೆಲಸದ ಜಾಗದ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕ. ಅಂದರೆ 100 ಡೆಸಿಬಲ್‌ನಲ್ಲಿ ಕೇವಲ 15 ನಿಮಿಷ. ಡ್ರಮ್ಮರ್ ಕೂತ ಜಾಗದಲ್ಲಿ 100 ದಾಟುವುದು ಮಾಮೂಲು. ಶೀಟಿನ ಮಾಡಿನ ಕೆಳಗೆ ಮಳೆ ಸುರಿಯುವಾಗಲಂತೂ ಎಲ್ಲರೂ ನೆಲದ ಮಾನಿಟರ್, ಅಂದರೆ ವಾದಕರಿಗೆ ಕೇಳಲೆಂದು ಸ್ಟೇಜಿನ ಮೇಲಿಡುವ ಸ್ಪೀಕರ್, ಏರಿಸುತ್ತಲೇ ಹೋಗುತ್ತಾರೆ.

ಹಾಕುವ ಕ್ರಮದಲ್ಲೇ ಹೆಚ್ಚಿನವರು ಎಡವುವುದು. ಫೋಮನ್ನು ಬೆರಳಲ್ಲಿ ತೆಳ್ಳಗೆ ಉರುಳಿಸಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು, ಒಳಗೆ ತೂರಿಸಿ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯಬೇಕು. ಡಿಸೆಂಬರ್ ರಾತ್ರಿಯ ಮಡಿಕೇರಿ ಚಳಿಗೆ ಫೋಮ್ ಗಟ್ಟಿಯಾಗುತ್ತದೆ. ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳಿ. ಬಾಸ್ ತೆಳುವಾಗಿ ಕೇಳಿದರೆ ಅದು ಇಯರ್‌ಫೋನಿನ ದೋಷವಲ್ಲ, ಸರಿಯಾಗಿ ಕೂತಿಲ್ಲ ಎಂದರ್ಥ.

ಡ್ರಮ್ಮರ್, ಕೀಬೋರ್ಡಿನವರಿಗೆ ವೈರ್‌ಲೆಸ್ ಬೇಕಿಲ್ಲ. ಮಿಕ್ಸರಿನ ಆಕ್ಸ್ ಔಟ್‌ನಿಂದ (ಹಾಲ್‌ಗೆ ಹೋಗುವುದಕ್ಕಿಂತ ಬೇರೆಯದೇ ಮಿಶ್ರಣ ಹೊರಬರುವ ತೂತು) ಮೈಕಿಗೆ ಬಳಸುವಂಥ ಒಂದು ಎಕ್ಸ್‌ಎಲ್‌ಆರ್ ಕೇಬಲ್, ಸೊಂಟಕ್ಕೆ ಬೆರಿಂಜರ್ ಪಿ2ನಂಥ ಪುಟ್ಟ ಹೆಡ್‌ಫೋನ್ ಆಂಪ್ಲಿಫೈಯರ್, ಅದಕ್ಕೆ ಎರಡು ಎಎಎ ಸೆಲ್, ಅಷ್ಟೇ. ಸೆಲ್ ಪ್ರತಿ ಕಾರ್ಯಕ್ರಮಕ್ಕೂ ಹೊಸದು ಹಾಕಿ. ಇಳಿದ ಸೆಲ್‌ನಿಂದ ಸದ್ದು ಒಡೆಯುತ್ತದೆ, ಒಡೆದ ಸದ್ದನ್ನು ಕಡಿಮೆ ವಾಲ್ಯೂಮ್ ಎಂದುಕೊಂಡು ಇನ್ನೂ ಏರಿಸುತ್ತಾರೆ. ಗುಂಡಿಯನ್ನು ಸೊನ್ನೆಯಿಂದ ಶುರು ಮಾಡಿ, ಹಾಡು ಮತ್ತು ತನ್ನ ವಾದ್ಯ ಸ್ಪಷ್ಟವಾಗುವವರೆಗೆ ಮಾತ್ರ ತಿರುಗಿಸಿ, ಅಲ್ಲಿ ಬಿಳಿ ಮಾರ್ಕರ್‌ನಿಂದ ಗೆರೆ ಎಳೆದುಬಿಡಿ.

ಗಾಯಕರ ಕಷ್ಟ ಬೇರೆ. ಕಿವಿ ಮುಚ್ಚಿದಾಗ ತಮ್ಮದೇ ದನಿ ತಲೆಯೊಳಗೆ ಗುಡುಗುತ್ತದೆ. ಕಿವಿಗೆ ಬರುವ ಮಿಕ್ಸಿನಲ್ಲಿ 200ರಿಂದ 300 ಹರ್ಟ್ಜ್ ಸುತ್ತ ಸ್ವಲ್ಪ ಇಳಿಸಿದರೆ ತುಸು ಹಗುರಾಗುತ್ತದೆ. ಆದರೆ ಚಿಕ್ಕ ಅನಲಾಗ್ ಮಿಕ್ಸರ್‌ಗಳಲ್ಲಿ ಚಾನೆಲ್‌ನ ಈಕ್ವಲೈಜರ್ (ತಗ್ಗು, ಮೇಲು ಸ್ವರಗಳನ್ನು ಏರಿಸಿ ಇಳಿಸುವ ಗುಂಡಿ) ತಿರುಗಿಸಿದರೆ ಸಾಮಾನ್ಯವಾಗಿ ಹಾಲ್‌ನ ಸದ್ದೂ ಬದಲಾಗುತ್ತದೆ. ಮೈಕನ್ನು ವೈ ಕೇಬಲ್‌ನಿಂದ ಎರಡು ಚಾನೆಲ್‌ಗೆ ಹಂಚಿ, ಒಂದು ಹಾಲ್‌ಗೆ, ಒಂದು ಕಿವಿಗೆ ಇಟ್ಟುಕೊಳ್ಳಿ. ಜನರ ಚಪ್ಪಾಳೆ ಕೇಳುವುದಿಲ್ಲ ಎಂಬ ದೂರೂ ನ್ಯಾಯವಾದದ್ದೇ. ಅದಕ್ಕೆಂದು ಒಂದು ಕಿವಿಯ ಇಯರ್‌ಫೋನ್ ತೆಗೆದು ಹಾಡುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ತೆರೆದ ಕಿವಿಗೆ ಪೂರ್ತಿ ಸದ್ದು ಬಡಿಯುತ್ತದೆ, ಅದನ್ನು ಮೀರಿ ಕೇಳಲು ಮುಚ್ಚಿದ ಕಿವಿಯದನ್ನೂ ಜೋರು ಮಾಡಬೇಕಾಗುತ್ತದೆ. ಸ್ಟೇಜಿನ ಅಂಚಿನಲ್ಲಿ ಜನರ ಕಡೆಗೆ ಒಂದು ಮೈಕ್ ತಿರುಗಿಸಿಟ್ಟು, ಅದನ್ನು ಕಿವಿಯ ಮಿಕ್ಸಿಗೆ ಮಾತ್ರ ತುಸು ಸೇರಿಸಿ.

ಹಿರಿಯರ ದೃಷ್ಟಿಯಿಂದ ಎಸ್‌ಇ215ರ ನಿಜವಾದ ಕೊರತೆ ಅದರ ಸ್ವರಗುಣ. ಬಾಸ್ ದಪ್ಪ, ಮೇಲಿನ ಸ್ವರ ಮಂಕು. ವಯಸ್ಸು ಮತ್ತು ಸದ್ದು ಮೊದಲು ಕಸಿಯುವುದೂ ಮೇಲಿನ ಸ್ವರಗಳನ್ನೇ. ಎರಡೂ ಸೇರಿದಾಗ ಹಾಡಿನ ಅಕ್ಷರ ತಿಳಿಯುವುದಿಲ್ಲ, ಕೈ ತಾನಾಗಿ ವಾಲ್ಯೂಮ್ ಕಡೆಗೆ ಹೋಗುತ್ತದೆ. ಬದಲಿಗೆ ಬಾಸ್ ಮತ್ತು ಕಿಕ್ ಇಳಿಸಿ, 2ರಿಂದ 4 ಕಿಲೋಹರ್ಟ್ಜ್ ನಡುವೆ 3 ಡೆಸಿಬಲ್‌ನಷ್ಟು ಏರಿಸಿ ನೋಡಿ. ಅಷ್ಟಕ್ಕೂ ತಿಳಿಯಾಗದಿದ್ದರೆ ಇದು ನಿಮಗೆ ತಕ್ಕ ಇಯರ್‌ಫೋನ್ ಅಲ್ಲ. ಕಿವಿಯ ಅಚ್ಚು ತೆಗೆದು ಮಾಡುವ, ಒಂದಕ್ಕಿಂತ ಹೆಚ್ಚು ಡ್ರೈವರ್ ಇರುವವೇ ಬೇಕು.

ಕೊಡಗಿನಲ್ಲಿ ಇನ್ನೆರಡು ಕಾಟ. ಒಂದು ತೇವ. ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುವ ಮಳೆಗಾಲದಲ್ಲಿ ಕೇಬಲ್ ಸಿಕ್ಕಿಸುವ ಎಂಎಂಸಿಎಕ್ಸ್ ತುದಿ ಕಿಲುಬುಗಟ್ಟಿ ಕರಕರ ಎನ್ನುತ್ತದೆ, ಆಮೇಲೆ ಒಂದು ಕಡೆ ಸದ್ದೇ ಹೋಗುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಸೋಕಿಸಿದ ಹತ್ತಿಕಡ್ಡಿಯಿಂದ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಇನ್ನೊಂದು ಕರೆಂಟ್. ಕರೆಂಟ್ ಹೋಗಿ ಜನರೇಟರ್ ಹತ್ತುವಾಗ ಮಿಕ್ಸರ್ ಹೊಡೆಯುವ 'ಡಬ್' ನೆಲದ ಮಾನಿಟರಿನಲ್ಲಿ ಬರೀ ಕಿರಿಕಿರಿ, ಕಿವಿಯೊಳಗೆ ಅಪಾಯ. ಮಿಕ್ಸರಿಗೆ 600 ವಿಎ ಯುಪಿಎಸ್ ಕೊಡಿ, ಕಿವಿಗೆ ಹೋಗುವ ಸಾಲಿಗೆ ಲಿಮಿಟರ್, ಅಂದರೆ ಸದ್ದು ಒಂದು ಮಿತಿ ಮೀರದಂತೆ ತಡೆಯುವ ಸಾಧನ, ಹಾಕಿ. ಲಿಮಿಟರ್ ಇಲ್ಲದ ಸೌಂಡ್ ಸೆಟ್‌ಗೆ ಇದನ್ನು ಸಿಕ್ಕಿಸಬೇಡಿ.

ಬೆಲೆ ಹತ್ತು ಸಾವಿರದ ಆಸುಪಾಸು. ನಕಲಿ ಮಾಲು ಬಹಳ ಇರುವುದರಿಂದ ಬಿಲ್ ಕೊಡುವ ಅಧಿಕೃತ ಮಾರಾಟಗಾರರಲ್ಲೇ ಕೊಳ್ಳಿ. ಡ್ರಮ್ಮರ್, ಬಾಸ್, ಕೀಬೋರ್ಡಿನವರಿಗೆ ಧೈರ್ಯವಾಗಿ ಹೇಳಬಹುದು. ಗಾಯಕರು ಎರಡು ಮೂರು ರಿಹರ್ಸಲ್ ಮಾಡಿ ನೋಡಿಯೇ ಸ್ಟೇಜಿಗೆ ಒಯ್ಯಲಿ. ಕಾರ್ಯಕ್ರಮದ ಮರುದಿನವೂ ಕಿವಿಯಲ್ಲಿ ಗುಂಯ್ ಎನ್ನುವವರು ಮಾತ್ರ ಇದನ್ನು ಕೊಳ್ಳುವ ಮೊದಲು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಶ್ರವಣ ಪರೀಕ್ಷೆ ಮಾಡಿಸಲಿ. ಆ ನಕ್ಷೆಯಲ್ಲಿ 3ರಿಂದ 6 ಕಿಲೋಹರ್ಟ್ಜ್ ನಡುವೆ ಗೆರೆ ಎಷ್ಟು ತಗ್ಗಿದೆ ಎಂಬುದನ್ನು ವೈದ್ಯರಿಂದಲೇ ಕೇಳಿ ತಿಳಿದು, ಮುಂದಿನ ಸೀಸನ್ನಿನ ಅಡ್ವಾನ್ಸ್ ಆಮೇಲೆ ತೆಗೆದುಕೊಳ್ಳಲಿ.