ಅಟ್ಟದ 486ರಿಂದ ಹ್ಯಾಮ್ ಲಾಗ್ ಇಳಿಸಿದ್ದು: ಫ್ಲಾಪಿಯೋ, ಅಡಾಪ್ಟರೋ, ಸೀರಿಯಲ್ ಕೇಬಲ್ಲೋ?

ಮಂಗಳೂರಿನ ನಮ್ಮ ಮನೆ ಅಟ್ಟದಲ್ಲಿ ಒಂದು ಹಳೇ 486 (ಪೆಂಟಿಯಂಗಿಂತ ಹಿಂದಿನ ತಲೆಮಾರಿನ) ಕಂಪ್ಯೂಟರ್ ಹದಿನೆಂಟು ಮಳೆಗಾಲ ಕಳೆದಿತ್ತು. ಅದರೊಳಗೆ 1996ರಿಂದ 2003ರವರೆಗಿನ ನನ್ನ ಹ್ಯಾಮ್ (ಹವ್ಯಾಸಿ ರೇಡಿಯೋ) ಲಾಗ್, ಅಂದರೆ ಯಾರ ಜೊತೆ ಯಾವಾಗ ಮಾತಾಡಿದೆ ಎಂಬ ದಾಖಲೆ ಇತ್ತು, ಸುಮಾರು 6,200 ಕ್ಯೂಎಸ್‌ಓ (ರೇಡಿಯೋ ಸಂಪರ್ಕ). 2000-01ರ ಸುಮಾರಿಗೆ ಸೂರ್ಯನ ಮೇಲೆ ಕಲೆಗಳು ಜಾಸ್ತಿ, ಆಗ ಇಂಥ ರೇಡಿಯೋ ಅಲೆಗಳು ಬಲು ದೂರ ಹೋಗುತ್ತವೆ. 10 ಮೀಟರ್ ಬ್ಯಾಂಡ್ (ಆ ತರಂಗಾಂತರದ ಪಟ್ಟಿ) ತೆರೆದುಕೊಂಡರೆ ಸಾಕು, ತೆಂಗಿನ ಮರಕ್ಕೆ ಕಟ್ಟಿದ ಡೈಪೋಲ್ ಆಂಟೆನಾದಲ್ಲೇ ಊರೂರು ಸಿಗುತ್ತಿತ್ತು. ಕಾಗದದ ಲಾಗ್ ಪುಸ್ತಕವೂ ಇತ್ತು. ಅದನ್ನು ಗೆದ್ದಲು ಓದಿ ಮುಗಿಸಿದೆ.

ಲಾಗ್ ಹೊರಗೆ ತರಲು ಮೂರು ದಾರಿ ನೋಡಿದೆ. ಮೂರನ್ನೂ ಒಂದೇ ಕಂಪ್ಯೂಟರ್ ಮೇಲೆ ಪ್ರಯೋಗ ಮಾಡಿದ್ದರಿಂದ ಹೋಲಿಸುವ ಧೈರ್ಯ ಮಾಡುತ್ತಿದ್ದೇನೆ.

ಸ್ವಿಚ್ ಹಾಕುವ ಮೊದಲು ಒಂದು ಮಾತು. ಕ್ಯಾಬಿನೆಟ್ ಬಿಚ್ಚಿ ಮದರ್‌ಬೋರ್ಡ್ ನೋಡಿ. ಆ ಕಾಲದ ಎಷ್ಟೋ ಬೋರ್ಡ್‌ಗಳಲ್ಲಿ ಬೆಸುಗೆ ಹಾಕಿದ ಒಂದು ಸಣ್ಣ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ನನ್ನದು ಸೋರಿ, ಕೀಬೋರ್ಡ್ ಕನೆಕ್ಟರ್ ತನಕ ಹಸಿರು ಹಸಿರಾಗಿ ಪೊರೆ ಕಟ್ಟಿತ್ತು. ಕತ್ತರಿಸಿ ತೆಗೆದು, ವಿನೆಗರ್ ಹಚ್ಚಿ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಒಂದು ದಿನ ಒಣಗಿಸಿದೆ. ಬ್ಯಾಟರಿ ಇಲ್ಲದಿದ್ದರೆ ಕಂಪ್ಯೂಟರಿಗೆ ತನ್ನ ಹಾರ್ಡ್‌ಡಿಸ್ಕ್ ಯಾವುದು ಅಂತಲೂ ಮರೆತುಹೋಗಿರುತ್ತದೆ. ಡಿಸ್ಕ್ ಮೇಲಿನ ಚೀಟಿಯಲ್ಲಿ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆ ಬರೆದಿರುತ್ತದೆ. ಟಾರ್ಚ್ ಹಿಡಿದು ಓದಿ, ಸೆಟಪ್‌ನಲ್ಲಿ ಕೈಯಾರೆ ತುಂಬಿಸಿದೆ. ಡಾಸ್ (ಆಗಿನ ಆಪರೇಟಿಂಗ್ ಸಿಸ್ಟಂ) ಬಂತು!

ಮೊದಲು ಫ್ಲಾಪಿ. ಎಲ್ಲರಿಗೂ ಮೊದಲು ಹೊಳೆಯುವುದೇ ಇದು. ಯುಎಸ್‌ಬಿ ಫ್ಲಾಪಿ ಡ್ರೈವ್ ತರಿಸಿದೆ. ನೆನಪಿರಲಿ, ಇವು ಮೂರೂವರೆ ಇಂಚಿನವಕ್ಕೆ ಮಾತ್ರ, ಐದೂಕಾಲು ಇಂಚಿನ ದೊಡ್ಡ ಫ್ಲಾಪಿಗೆ ಆಗಲ್ಲ. ನನ್ನ ಹತ್ತಿರ ಬ್ಯಾಕಪ್ ಫ್ಲಾಪಿಗಳು ಹನ್ನೊಂದು ಇದ್ದವು. ಒಂದರ ಲೋಹದ ಮುಚ್ಚಳ ಬೆರಳಲ್ಲಿ ಸರಿಸಿ ನೋಡಿದೆ. ಕಂದು ತಟ್ಟೆಯ ಮೇಲೆ ಬಿಳಿ ಚುಕ್ಕೆ, ಉಪ್ಪಿನಕಾಯಿ ಜಾಡಿ ಬಾಯಿಗೆ ಬರುವಂಥದ್ದೇ ಬೂಷ್ಟು. ಕರಾವಳಿಯ ತೇವ ಯಾರನ್ನೂ ಬಿಡುವುದಿಲ್ಲ. ಬೂಷ್ಟು ಹಿಡಿದದ್ದನ್ನು ಡ್ರೈವ್‌ಗೆ ಹಾಕಿದರೆ ಹೆಡ್ಡೂ ಕೊಳೆಯಾಗಿ ಮುಂದಿನ ಒಳ್ಳೆಯ ಫ್ಲಾಪಿಯೂ ಹಾಳು. ಎರಡು ಸ್ವಚ್ಛವಾಗಿ ಕಂಡವು. ಅವುಗಳಿಗೆ 486ರಲ್ಲಿ ಬರೆದರೆ ಹೊಸ ಡ್ರೈವ್ ಓದಲಿಲ್ಲ, ಹಳೇ ಡ್ರೈವ್ ಮಾತ್ರ ಸರಾಗವಾಗಿ ಓದಿತು. ಹಳೆಯದರ ಹೆಡ್ ಸ್ವಲ್ಪ ಸರಿದಿದೆ ಅಂತ ಅರ್ಥ. ತನ್ನ ಅಕ್ಷರ ತನಗೆ ಮಾತ್ರ ಅರ್ಥವಾಗುವ ಡಾಕ್ಟರ ಹಾಗೆ. ಅಲ್ಲಿಗೆ ಕೈಬಿಟ್ಟೆ.

ಎರಡನೆಯದು, ಹಾರ್ಡ್‌ಡಿಸ್ಕ್ ಬಿಚ್ಚಿ, ಹಳೇ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಐಡಿಇ-ಯುಎಸ್‌ಬಿ ಅಡಾಪ್ಟರ್‌ಗೆ ಚುಚ್ಚುವುದು. ಬೆಂಗಳೂರಿಗೆ ಹೋಗಿದ್ದಾಗ ಎಸ್‌ಪಿ ರೋಡಿನಲ್ಲಿ ಕೊಂಡಿದ್ದೆ. ಸಾವಿರ ರೂಪಾಯಿಯೂ ಆಗಲಿಲ್ಲ. ಮೂರೂವರೆ ಇಂಚಿನ ಡಿಸ್ಕ್‌ಗೆ 12 ವೋಲ್ಟ್ ಬೇರೆ ಬೇಕು, ಆದ್ದರಿಂದ ಪವರ್ ಅಡಾಪ್ಟರ್ ಜೊತೆಗಿರುವುದನ್ನೇ ಕೇಳಿ. ಡಿಸ್ಕ್‌ನ ಜಂಪರ್ (ಪಿನ್‌ಗಳ ಮೇಲಿನ ಪುಟ್ಟ ಟೊಪ್ಪಿ) 'ಮಾಸ್ಟರ್' ಜಾಗದಲ್ಲಿರಲಿ. ನನ್ನ ಸ್ನೇಹಿತರೊಬ್ಬರ ಪೆಂಟಿಯಂ ಡಿಸ್ಕ್, 4 ಜಿಬಿಯದು, ಇದೇ ಅಡಾಪ್ಟರ್‌ನಲ್ಲಿ ಸರಾಗವಾಗಿ ಪೂರ್ತಿ ಕಾಪಿ ಆಯಿತು. ಅದೇ ಖುಷಿಯಲ್ಲಿ ನನ್ನ 420 ಎಂಬಿ ಡಿಸ್ಕ್ ಹಾಕಿದೆ. ತಿರುಗಿತು, ದೀಪ ಹತ್ತಿತು, ಲ್ಯಾಪ್‌ಟಾಪ್ ಮಾತ್ರ ಏನೂ ಬಂದಿಲ್ಲ ಎಂಬಂತೆ ಕೂತಿತ್ತು. ಇಂಥ ಅಡಾಪ್ಟರ್‌ಗಳು ಡಿಸ್ಕನ್ನು ಎಲ್‌ಬಿಎ ಲೆಕ್ಕದಲ್ಲಿ, ಅಂದರೆ ಎಲ್ಲ ಸೆಕ್ಟರ್‌ಗಳಿಗೂ ಒಂದೇ ಸಾಲಿನ ಕ್ರಮಸಂಖ್ಯೆಯಲ್ಲಿ, ಕೇಳುತ್ತವೆ. ಆ ಕಾಲದ ಚಿಕ್ಕ ಡಿಸ್ಕ್‌ಗಳಲ್ಲಿ ಕೆಲವಕ್ಕೆ ಸಿಲಿಂಡರ್-ಹೆಡ್ ಲೆಕ್ಕ ಬಿಟ್ಟರೆ ಬೇರೆ ಭಾಷೆ ಗೊತ್ತಿಲ್ಲ. ಹಾಗಾಗಿ ನಿಮ್ಮದು ಪೆಂಟಿಯಂ ಕಾಲದ್ದಾದರೆ ಕಣ್ಣು ಮುಚ್ಚಿ ಇದನ್ನೇ ಮೊದಲು ಮಾಡಿ. 486 ಅಥವಾ ಅದಕ್ಕಿಂತ ಹಳೆಯದಾದರೆ ನೆಚ್ಚಿಕೊಳ್ಳಬೇಡಿ.

ಕೊನೆಗೆ ಸೀರಿಯಲ್ ಕೇಬಲ್, ಒಂದೊಂದೇ ಬಿಟ್ ಸಾಲಾಗಿ ಕಳಿಸುವ ತಂತಿ. ನಿಧಾನ ಅಂತ ಅದನ್ನು ಕೊನೆಗಿಟ್ಟಿದ್ದೆ. ತಪ್ಪು ನನ್ನದೇ. ಆ ಡಿಸ್ಕ್ ಓದಲು ಗೊತ್ತಿರುವುದು ಆ ಕಂಪ್ಯೂಟರಿಗೆ ತಾನೇ, ಅದನ್ನೇ ಓದಲು ಬಿಟ್ಟು ನಾವು ಕೇಳಿಸಿಕೊಂಡರಾಯಿತು. 9 ಪಿನ್ ಪೋರ್ಟ್ ಮೌಸ್‌ಗೆ ಹೋಗಿತ್ತು, ಉಳಿದದ್ದು 25 ಪಿನ್ನಿನದು. ಲ್ಯಾಪ್‌ಟಾಪ್ ಕಡೆ ಯುಎಸ್‌ಬಿ-ಸೀರಿಯಲ್, ಅದು 9 ಪಿನ್. ಇಲ್ಲೊಂದು ಸೊಗಸಿದೆ. 25ರಲ್ಲಿ 2ನೇ ಪಿನ್ ಕಳಿಸುವುದು, 9ರಲ್ಲಿ 2ನೇ ಪಿನ್ ಕೇಳುವುದು. ಹಾಗಾಗಿ 2ಕ್ಕೆ 2, 3ಕ್ಕೆ 3, ಗ್ರೌಂಡ್ 7ಕ್ಕೆ 5 ಬೆಸೆದರೆ ಆಯಿತು, ನಲ್ ಮೋಡೆಮ್ (ಎರಡು ಕಂಪ್ಯೂಟರ್‌ಗಳನ್ನು ನೇರ ಮಾತಾಡಿಸುವ ಕೇಬಲ್) ತಯಾರು.

ಆದರೂ ಡಾಸ್‌ನ ಕಾಪಿ ಆದೇಶ ಕೊಟ್ಟರೆ 'ರೈಟ್ ಫಾಲ್ಟ್' ಅಂತ ಬೈಯಿತು. ಆಚೆ ಕಡೆಯವರು ತಯಾರಿದ್ದಾರಾ ಅಂತ ಅದು ಬೇರೆ ಪಿನ್‌ಗಳಲ್ಲೂ ಕೇಳುತ್ತದೆ. 25ರ ಕಡೆ 4-5 ಕೂಡಿಸಿ, 6-8-20 ಕೂಡಿಸಿದೆ. ತನ್ನ ಪ್ರಶ್ನೆಗೆ ತಾನೇ ಹೂಂ ಅಂದುಕೊಂಡು ಕಳಿಸತೊಡಗಿತು.

ಸೆಕೆಂಡಿಗೆ 9600 ಬಿಟ್ ವೇಗ ಅಂದರೆ, ಶುರು-ಕೊನೆಯ ಗುರುತು ಸೇರಿ ಬೈಟಿಗೆ ಹತ್ತು ಬಿಟ್ ಆಗುವುದರಿಂದ, ಸೆಕೆಂಡಿಗೆ 960 ಬೈಟ್. ಲಾಗ್ ಫೈಲ್ ಏಳೂವರೆ ಲಕ್ಷ ಬೈಟ್‌ಗಿಂತ ಸ್ವಲ್ಪ ಕಮ್ಮಿ, 13 ನಿಮಿಷ ಹಿಡಿಯಿತು. ಒಂದು ಲೋಟ ಕಾಫಿ ಮಾಡಿ ಕುಡಿಯುವಷ್ಟು ಹೊತ್ತು. ಕಾಪಿ ಆದೇಶಕ್ಕೆ 'ಸ್ಲ್ಯಾಶ್ ಬಿ' ಸೇರಿಸಲು ಮರೆತರೆ ನಡುವೆ ಬರುವ ಒಂದು ಗುರುತನ್ನು ಫೈಲಿನ ಕೊನೆ ಅಂದುಕೊಂಡು ಅಲ್ಲೇ ನಿಲ್ಲಿಸಿಬಿಡಬಹುದು. ಈ ವಿಧಾನದಲ್ಲಿ ತಪ್ಪು ಹಿಡಿಯುವ ವ್ಯವಸ್ಥೆ ಏನೂ ಇಲ್ಲ. ಅದಕ್ಕೇ ಎರಡು ಸಲ ಕಳಿಸಿ ಎರಡನ್ನೂ ಹೋಲಿಸಿದೆ. ಒಂದು ಬೈಟೂ ಆಚೀಚೆ ಇರಲಿಲ್ಲ.

ಫೈಲ್ ಡಿಬೇಸ್ (ಹಳೇ ಡೇಟಾಬೇಸ್) ಮಾದರಿಯದು, ಲಿಬ್ರೆಆಫೀಸ್ ಸುಮ್ನೆ ತೆರೆಯಿತು. ಅಲ್ಲಿಂದ ಎಡಿಐಎಫ್‌ಗೆ (ಹ್ಯಾಮ್ ಲಾಗ್‌ಗಳ ಸಾಮಾನ್ಯ ಫೈಲ್ ಮಾದರಿ) ಬದಲಿಸಿ, ಹ್ಯಾಮ್ ಸಂಪರ್ಕಗಳನ್ನು ತಾಳೆ ನೋಡಿ ದೃಢಪಡಿಸುವ 'ಲಾಗ್‌ಬುಕ್ ಆಫ್ ದಿ ವರ್ಲ್ಡ್' ಜಾಲತಾಣಕ್ಕೆ ಕಳಿಸುವುದೊಂದೇ ಬಾಕಿ ಅಂದುಕೊಂಡೆ. ಅಲ್ಲಿ ಎರಡೂ ಕಡೆಯವರ ಸಮಯ ಅರ್ಧ ಗಂಟೆಯೊಳಗೆ ಹೊಂದಬೇಕು. ಸುಮ್ನೆ ಪರೀಕ್ಷೆಗೆ ಅಂತ ಒಂದು ಇಟಲಿಯ ಕ್ಯೂಎಸ್‌ಎಲ್ ಕಾರ್ಡ್ (ಸಂಪರ್ಕ ಆಯಿತೆಂದು ಆಚೆಯವರು ಕಳಿಸುವ ಅಂಚೆ ಕಾರ್ಡ್) ತೆಗೆದು ನೋಡಿದೆ. ನನ್ನ ಲಾಗ್‌ನಲ್ಲಿ 2000 ಜನವರಿ 1, ಬೆಳಗಿನ ಜಾವ 4:10, 40 ಮೀಟರ್. ಕಾರ್ಡ್‌ನಲ್ಲಿ 1999 ಡಿಸೆಂಬರ್ 31, 22:40. ಆಗ ನನ್ನ ಕಂಪ್ಯೂಟರ್ ಗಡಿಯಾರ ಯುಟಿಸಿ (ಹ್ಯಾಮ್‌ಗಳು ಬಳಸುವ ಜಾಗತಿಕ ಸಮಯ) ಅಲ್ಲ, ನಮ್ಮ ಸಮಯ ತೋರಿಸುತ್ತಿತ್ತು. ಎಲ್ಲ ಸಾಲಿನಿಂದಲೂ ಐದೂವರೆ ಗಂಟೆ ಕಳೆಯಬೇಕಾಯಿತು.

'ಹೊಸ ಸಹಸ್ರಮಾನದ ನನ್ನ ಮೊದಲ ಕ್ಯೂಎಸ್‌ಓ' ಅಂತ ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದೆ. ಆ ಇಟಲಿಯವನ ಮನೆಯಲ್ಲಿ ಹೊಸ ವರ್ಷಕ್ಕೆ ಇನ್ನೂ 20 ನಿಮಿಷ ಬಾಕಿ ಇತ್ತು.